ನಾಲ್ಕನೆಯ ಬೋಲ್ಟು

ಎರ್ವಿನ್ ತೀರಿಕೊಂಡ ಸುದ್ದಿ ರೋಮನ್ ಕುಲಾಸನಿಗೆ ತಿಳಿದದ್ದು ಆಗಸ್ಟ್ ತಿಂಗಳ ಒಂದು ಭಾನುವಾರ, ಪೂಜೆ ಮುಗಿದು ಜನ ಚರ್ಚಿನ ಮೆಟ್ಟಿಲು ಇಳಿಯುತ್ತಿದ್ದ ಹೊತ್ತಿನಲ್ಲಿ. ಶೆರಿಫನ ಕಡೆಯ ಅಧಿಕಾರಿಯೊಬ್ಬ ಟೋಪಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಕೆಳಗೆ ನಿಂತಿದ್ದ. ಟೋಪಿ ತೆಗೆದು ನಿಂತ ಪೊಲೀಸಿನವನನ್ನು ಕಂಡರೆ ಆ ಊರಿನಲ್ಲಿ ಯಾರಿಗೂ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಅವನು ರೋಮನ್ನನನ್ನು ದಾಟಿ ಅವನ ತಂಗಿ ಡೊಲೊರೆಸಳ ಹತ್ತಿರ ಹೋದ.

"ಅಮ್ಮಾ, ಒಂದು ನಿಮಿಷ ಈ ಕಡೆ ಬರ್ತೀರಾ?"

ಪೂಜೆಯುದ್ದಕ್ಕೂ ಆಕೆ ಗಂಡನಿಗೆಂದು ಪಕ್ಕದಲ್ಲಿ ಜಾಗ ಹಿಡಿದು ಕೈಚೀಲ ಇಟ್ಟಿದ್ದಳು. ಆ ಕೈಚೀಲ ಈಗ ಮೆಟ್ಟಿಲ ಮೇಲೆ ಬಿತ್ತು. ಚರ್ಚಿಗೆ ನಾಲ್ಕು ಮೈಲಿ ಇರುವಾಗ, ಆಲೂಗಡ್ಡೆ ಹೊಲದ ಪಕ್ಕದ ತಿರುವಿನಲ್ಲಿ, ಎರ್ವಿನ್ನನ ಮೋಟಾರ್ ಸೈಕಲ್ಲು ರಸ್ತೆ ಬಿಟ್ಟು ಹಾರಿ ಬಿದ್ದಿತ್ತು. ಜನ ಓಡಿ ಬರುವ ಹೊತ್ತಿಗೆ ಜೀವ ಹೋಗಿತ್ತು.

"ತಿರುವಿನಲ್ಲಿ ವೇಗ ಹೆಚ್ಚಾಗಿತ್ತು ಅಂತ ಕಾಣುತ್ತೆ," ಎಂದ ಅಧಿಕಾರಿ.

ಡೊಲೊರೆಸ್ ಅಣ್ಣನ ಎರಡೂ ಕೈ ಹಿಡಿದುಕೊಂಡಳು. "ನಾನೇ ಅಣ್ಣಾ. ಇವರು ಲೆನ್ ಮನೆಗೆ ಮಳೆಕೋಟು ವಾಪಸ್ ಕೊಡೋಕೆ ಹೋಗಿದ್ರು. ನಾನೇ ಫೋನ್ ಮಾಡಿ ಬೈದೆ. ಫಾದರ್ ಪೀಠಕ್ಕೆ ಬರ್ತಿದ್ದಾರೆ, ಬೇಗ ಬಾ, ಇವತ್ತಾದ್ರೂ ನನ್ನ ಮರ್ಯಾದೆ ಉಳಿಸು ಅಂದೆ. ಬೇಗ ಬಾ ಅಂದವಳು ನಾನೇ."

"ಹಾಗೆಲ್ಲ ಅನ್ನಬಾರದು ತಾಯಿ," ಎಂದ ರೋಮನ್. ಆ ಗಳಿಗೆಯಲ್ಲಿ ಅವನಿಗೂ ಬೇರೆ ಏನೂ ಗೊತ್ತಿರಲಿಲ್ಲ.

ರೋಮನ್ನನಿಗೆ ಎಪ್ಪತ್ತೊಂದು. ನಲವತ್ತು ವರ್ಷ ಕಾಗದದ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡಿ ನಿವೃತ್ತನಾದವನು. ಹೆಂಡತಿ ಹೋದ ಮೇಲೆ ಅವನಿಗೆ ಉಳಿದದ್ದು ಚರ್ಚು, ತಂಗಿ, ಮತ್ತೆ ಈ ಮೋಟಾರ್ ಸೈಕಲ್ಲು. ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಅವನು, ತಂಗಿಯ ಗಂಡ ಎರ್ವಿನ್, ಹಳೆಯ ಗೆಳೆಯ ಲೆನ್ ಮೂವರೂ ಸುಪೀರಿಯರ್ ಸರೋವರವನ್ನು ಒಂದು ಸುತ್ತು ಹಾಕಿ ಬರುತ್ತಿದ್ದರು. ದಾರಿಯಲ್ಲಿ ಯಾರ ಗಾಡಿ ಕೆಮ್ಮಿದರೂ ವೈದ್ಯ ರೋಮನ್ನನೇ. ಈ ಸಲವೂ ಐದು ದಿನ ತಿರುಗಿ ಶನಿವಾರ ಸಂಜೆಯಷ್ಟೇ ಮನೆ ಸೇರಿದ್ದರು.

ಸೋಮವಾರ ಬೆಳಿಗ್ಗೆ ಅವನು ಲೆನ್ನನನ್ನು ಕರೆದುಕೊಂಡು, ಜಖಂ ಆದ ಗಾಡಿಗಳನ್ನು ಎಳೆದು ತಂದು ಹಾಕುವ ಅಂಗಳಕ್ಕೆ ಹೋದ. ಎರ್ವಿನ್ನನ ಚೀಲದಲ್ಲಿದ್ದ ಕನ್ನಡಕ, ಜಪಸರ ತರಬೇಕಿತ್ತು. ಲೆನ್ ಬೇಲಿಯ ಹತ್ತಿರವೇ ನಿಂತುಬಿಟ್ಟ. "ನನ್ನ ಕೈಲಿ ನೋಡೋಕಾಗಲ್ಲ ಮಾರಾಯ, ನೀನೇ ಹೋಗು," ಎಂದು ಮುಖ ಆ ಕಡೆ ತಿರುಗಿಸಿಕೊಂಡ.

ರೋಮನ್ ಹೋದ. ಗಾಡಿ ಎಡಕ್ಕೆ ಒರಗಿ ಬಿದ್ದಿತ್ತು. ಚೀಲದ ಬಾಯಿ ಬಿಚ್ಚಲು ಬಗ್ಗಿದವನ ಕಣ್ಣು ಮುಂದಿನ ಚಕ್ರದ ಮೇಲೆ ಬಿತ್ತು. ಅಂಥ ದೊಡ್ಡ ಗಾಡಿಯ ಮುಂದಿನ ಚಕ್ರಕ್ಕೆ ಎರಡು ಕಡೆ ಎರಡು ಬ್ರೇಕು. ಒಂದೊಂದನ್ನೂ ಎರಡೆರಡು ಬೋಲ್ಟು ಹಿಡಿದಿರುತ್ತವೆ. ರೋಮನ್ನನಿಗೆ ಕಾರ್ಖಾನೆಯ ಕಾಲದಿಂದ ಬಂದ ಒಂದು ಪದ್ಧತಿ ಇತ್ತು. ಬೋಲ್ಟನ್ನು ಬಿಗಿಯ ಅಳತೆ ತೋರಿಸುವ ಸ್ಪಾನರಿನಿಂದ ಬಿಗಿ ಮಾಡಿ, ಸಾಕಷ್ಟು ಬಿಗಿಯಾಯಿತೆಂದು ಅದು ಟಕ್ ಎಂದ ಮೇಲೆ, ತಲೆಯ ಮೇಲೆ ಹಳದಿ ಬಣ್ಣದ ಒಂದು ಗೀಟು ಎಳೆಯುವುದು. ಗೀಟಿಲ್ಲದ ಬೋಲ್ಟು ಬಿಗಿಯಾಗದ ಬೋಲ್ಟು. ಬಲಗಡೆ ಎರಡು ಹಳದಿ ಗೀಟು ಇದ್ದವು. ಎಡಗಡೆ ಮೇಲಿನದಕ್ಕೆ ಒಂದು ಇತ್ತು. ಕೆಳಗಿನ ಬೋಲ್ಟೇ ಇರಲಿಲ್ಲ. ಅದರ ತೂತಿನಲ್ಲಿ ಬೆರಳಿಟ್ಟು ನೋಡಿದ. ಬಿದ್ದ ಹೊಡೆತಕ್ಕೆ ಮುರಿದಿದ್ದರೆ ಒಳಗಿನ ತಿರುಪಿನ ಎಳೆ ಹರಿದಿರಬೇಕಿತ್ತು. ಅದು ನುಣ್ಣಗೆ, ಹೊಸದರ ಹಾಗೆ ಇತ್ತು. ಬೋಲ್ಟು ಮುರಿದಿರಲಿಲ್ಲ, ತಾನಾಗಿ ಸುತ್ತಿ ಸುತ್ತಿ ಉದುರಿಹೋಗಿತ್ತು. ಹಿಡಿತ ತಪ್ಪಿದ ಬ್ರೇಕು ಒರಗಿ ಚಕ್ರದೊಳಗೆ ಸಿಕ್ಕಿಕೊಂಡಿತ್ತು. ಓಡುತ್ತಿದ್ದ ಚಕ್ರ ಅಲ್ಲೇ ಕಚ್ಚಿ ನಿಂತಿತ್ತು.

ಶನಿವಾರ ಬೆಳಿಗ್ಗೆ ಆ ಬ್ರೇಕು ಕಟ್ಟಿದವನು ಅವನೇ.

ಸರೋವರದ ದಕ್ಷಿಣ ದಡದ ಒಂದು ಮೋಟೆಲಿನ ಮುಂದೆ ಅದು ನಡೆದಿತ್ತು. ಎರಡು ದಿನದಿಂದ ಎರ್ವಿನ್ನನ ಬ್ರೇಕು ಕಿರುಚುತ್ತಿತ್ತು. ಪ್ಯಾಡು ಸವೆದಿದ್ದವು, ಹೊಸವನ್ನು ರೋಮನ್ ತನ್ನ ಚೀಲದಲ್ಲೇ ತಂದಿದ್ದ. ನೆಲದ ಮೇಲೆ ಗೋಣಿ ಹಾಸಿಕೊಂಡು ಕೂತಿದ್ದ. ಲೆನ್ ಕಾಫಿ ಹಿಡಿದು ಕಂಬಕ್ಕೆ ಒರಗಿದ್ದ.

"ನಿನ್ನ ಬ್ರೇಕು ಕೂಗೋದು ಕೇಳಿ ಹೆಣ್ಣು ಹುಡುಕ್ತಿದ್ದ ಜಿಂಕೆಯೊಂದು ನಿನ್ನೆ ಹತ್ತು ಮೈಲಿ ಹಿಂದೇನೇ ಓಡಿ ಬಂತಲ್ಲೋ ಎರ್ವಿನ್."

"ನನ್ನ ಹಿಂದೆ ಜಿಂಕೆಯಾದ್ರೂ ಬಂತು. ನಿನ್ನ ಹಿಂದೆ ಎಣ್ಣೆ ಸೋರಿದ ಗೆರೆ ಬಿಟ್ರೆ ಇನ್ನೇನಿದೆ?"

"ಅದು ಸೋರೋದಲ್ಲ ಕಣೋ. ದಾರಿ ತಪ್ಪಿದ್ರೆ ವಾಪಸ್ ಬರೋಕೆ ಗುರುತು."

"ಸುಮ್ಮನಿರ್ರೋ," ಎಂದ ರೋಮನ್. "ಸ್ಪಾನರ್ ಹಿಡಿದವನ ಹತ್ರ ಮಾತಾಡಬಾರದು ಅಂತ ಎಷ್ಟು ಸಲ ಹೇಳಿದ್ದೀನಿ?"

"ಫಾದರ್ ರೋಮನ್ ಪೂಜೆ ಶುರು ಮಾಡಿದ್ರಪ್ಪ. ಮೊಣಕಾಲೂರಿ ಎಲ್ರೂ!" ಎಂದ ಲೆನ್.

ಎರ್ವಿನ್ ನಿಜವಾಗಿಯೂ ಗೋಣಿಯ ಪಕ್ಕದಲ್ಲಿ ಮೊಣಕಾಲೂರಿದ. "ಉಪದೇಶ ಆಗಲಿ ಭಾವ."

"ಉಪದೇಶ ಬೇಕಾ? ಕೇಳ್ಕೋ. ಹೊಸ ಪ್ಯಾಡ್ ಹಾಕಿದ ಮೇಲೆ ಹೊರಡೋ ಮುಂಚೆ ಬ್ರೇಕಿನ ಹಿಡಿ ಹತ್ತು ಸಲ ಅದುಮು. ಮೊದಲ ನೂರು ಮೈಲಿ ಗಟ್ಟಿಯಾಗಿ ಹಿಡೀಬೇಡ, ಅದು ಚಕ್ರದ ತಟ್ಟೆಗೆ ಕೂತ್ಕೋಬೇಕು. ಟೈರಿನ ಗಾಳೀನ ಬೆಳಿಗ್ಗೆ ತಣ್ಣಗಿರುವಾಗ ನೋಡು, ಓಡಿಸಿ ಬಂದ ಮೇಲಲ್ಲ."

"ಅಂದ ಹಾಗೆ," ಎಂದ ಲೆನ್, "ನಿಂತ ಗಾಡಿಯಿಂದ ಬೀಳೋದು ಹೇಗೆ ಅಂತಾನೂ ಸ್ವಲ್ಪ ಹೇಳಿಕೊಡು. ನಿನ್ನೆ ಪೆಟ್ರೋಲ್ ಬಂಕಲ್ಲಿ ಭಾಳ ಚೆನ್ನಾಗಿ ಮಾಡಿ ತೋರಿಸ್ದೆ. ಅಲ್ಲಿದ್ದ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದ್ರು."

ಆಗ ರೋಮನ್ನನ ಬೆರಳಲ್ಲಿ ಎಡಗಡೆಯ ಕೆಳಗಿನ ಬೋಲ್ಟು ಇತ್ತು. ಅದನ್ನು ಕೈಯಿಂದ ಕೊನೆಯವರೆಗೂ ತಿರುಗಿಸಿದ್ದ. ಸ್ಪಾನರಿನಿಂದ ಬಿಗಿ ಮಾಡುವುದೊಂದು ಬಾಕಿ. ಆದರೆ ಪೆಟ್ರೋಲ್ ಬಂಕಿನ ಮಾತು ಅವನಿಗೆ ನಾಟಿತು. ಎಪ್ಪತ್ತೊಂದು ವರ್ಷದ ಮನುಷ್ಯ, ಸುಮ್ಮನೆ ತಲೆ ಬಗ್ಗಿಸಿ ಕೆಲಸ ಮುಗಿಸಬಹುದಿತ್ತು. ಮುಗಿಸಲಿಲ್ಲ. ಸ್ಪಾನರ್ ಹಿಡಿದು ಎದ್ದು ನಿಂತ.

"ಬಿದ್ದದ್ದಲ್ಲ ಕಣೋ. ನೆಲ ಎಷ್ಟು ಗಟ್ಟಿ ಇದೆ ಅಂತ ನೋಡ್ದೆ. ನಿನಗೆ ಗುಂಡಿ ತೋಡೋನು ನಾನೇ ತಾನೇ?"

ಎರ್ವಿನ್ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ನಕ್ಕು ಮೋಟೆಲಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ಲೆನ್ ಕಾಫಿ ಚೆಲ್ಲಿಕೊಂಡ. ಗೆದ್ದ ಖುಷಿಯಲ್ಲಿ ರೋಮನ್ ಸ್ಪಾನರನ್ನು ಒರೆಸಿ, ಚೀಲಕ್ಕೆ ಹಾಕಿ, ಗೋಣಿ ಮಡಚಿದ. ಎರ್ವಿನ್ ಬ್ರೇಕಿನ ಹಿಡಿಯನ್ನು ಹತ್ತು ಸಲ ಅದುಮಿದ, ಎಣಿಸಿಕೊಂಡೇ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು ಅವನು. ಇನ್ನೂರು ಮೈಲಿ ದಾರಿಯಲ್ಲಿ ಆ ಬೋಲ್ಟು ಒಂದೊಂದೇ ಎಳೆ ಸಡಿಲವಾಗುತ್ತ ಬಂದದ್ದು ಯಾರಿಗೂ ಕಾಣಲಿಲ್ಲ. ಉಳಿದ ನಾಲ್ಕು ಎಳೆ ಭಾನುವಾರ ಬೆಳಗಿಗೆ ಕಾದಿದ್ದವು.

"ಏನಾದ್ರೂ ಕಂಡಿತಾ?" ಎಂದು ಲೆನ್ ಬೇಲಿಯಿಂದ ಕೂಗಿದ.

"ಇಲ್ಲ," ಎಂದ ರೋಮನ್.

ಆ ಒಂದು ಮಾತಿನಿಂದ ಅವನಿಗೆ ಅನ್ನ ನೀರು ಬೇಡವಾಯಿತು. ಲೆನ್ನನಿಗೆ ಹೇಳಿದರೆ ಅವನು ತನ್ನ ನಾಲಗೆಯನ್ನೇ ಶಪಿಸಿಕೊಂಡು ಸಾಯುತ್ತಾನೆ ಎಂದು ಒಂದು ನೆಪ. ಡೊಲೊರೆಸಳಿಗೆ ಹೇಳಿದರೆ ಗಂಡನ ಜೊತೆ ಅಣ್ಣನನ್ನೂ ಕಳೆದುಕೊಳ್ಳುತ್ತಾಳೆ ಎಂದು ಇನ್ನೊಂದು ನೆಪ. ಆದರೆ ಸೋಮವಾರವಿಡೀ ತಂಗಿಯ ಮನೆಗೆ ಬಂದವರೆಲ್ಲರ ಮುಂದೆ ಆಕೆ ಹೇಳಿದ್ದು ಒಂದೇ: "ಬೇಗ ಬಾ ಅಂದವಳು ನಾನೇ." ನೆರೆಯವರು ಪಾತ್ರೆಗಳಲ್ಲಿ ಊಟ ತಂದಿಟ್ಟು, ಬೆನ್ನು ಸವರಿ, "ಹಾಗನ್ಕೋಬೇಡ್ವೇ" ಎಂದು ಹೋಗುತ್ತಿದ್ದರು. ರೋಮನ್ ಅಲ್ಲೇ ಮೂಲೆಯ ಕುರ್ಚಿಯಲ್ಲಿ ಕೂತಿದ್ದ. ಅವಳ ತಲೆಯ ಮೇಲಿನ ಕಲ್ಲು ತನ್ನದು ಎಂದು ಗೊತ್ತಿದ್ದೂ ಕೂತಿದ್ದ.

ಮಂಗಳವಾರ ಸಂಜೆ ಐದಕ್ಕೆ ಶವದ ಮುಂದೆ ಜಪಸರದ ಪ್ರಾರ್ಥನೆ. ತಂದೆ ತೀರಿದ ಮೇಲೆ ಅವರ ಕುಟುಂಬದಲ್ಲಿ ಸಾವಾದಾಗಲೆಲ್ಲ ಜಪಸರ ಹೇಳಿಸುವವನು ರೋಮನ್. ಮಂಗಳವಾರ ಬೆಳಿಗ್ಗೆ ಪಾಪನಿವೇದನೆಗೆ ಚರ್ಚಿಗೆ ಹೋದ. ಫಾದರ್ ಕೇಳಿಸಿಕೊಂಡು, "ದೇವರು ಕ್ಷಮಿಸ್ತಾನೆ ರೋಮನ್. ಆದ್ರೆ ನಿಮ್ಮ ತಂಗಿಗೆ ಇದನ್ನ ದೇವರು ಬಂದು ಹೇಳಲ್ಲ," ಎಂದರು.

ಅಲ್ಲಿಂದ ನೇರ ಶೆರಿಫನ ಕಚೇರಿಗೆ ಹೋಗಿ ಕಂಡದ್ದನ್ನು ಬರೆಸಿಕೊಟ್ಟ. "ಬೋಲ್ಟು ಬಿಗಿ ಮಾಡೋದು ಮರೆತದ್ದು ಯಾಕೆ?" ಎಂದು ಅಧಿಕಾರಿ ಕೇಳಿದ. "ನನ್ನ ಬಾಯಿ ಚಪಲ," ಎಂದ ರೋಮನ್. ಲೆನ್ನನ ಹೆಸರು ಹೇಳಲಿಲ್ಲ.

ಮಧ್ಯಾಹ್ನ ಡೊಲೊರೆಸ್ ಅಡಿಗೆಮನೆಯ ಮೇಜಿನ ಮೇಲೆ ದೊಡ್ಡ ರಟ್ಟು ಹರಡಿಕೊಂಡು, ಸಂಜೆಗೆ ಇಡಲು ಎರ್ವಿನ್ನನ ಫೋಟೋಗಳನ್ನು ಅಂಟಿಸುತ್ತಿದ್ದಳು. ಮದುವೆಯದು, ಹಾಲಿನ ಲಾರಿಯ ಮುಂದೆ ನಿಂತದ್ದು, ಮೀನು ಹಿಡಿದು ಹಲ್ಲು ಕಿರಿದದ್ದು.

"ಇದು ಹಾಕಲಾ ಅಣ್ಣಾ? ಇದ್ರಲ್ಲಿ ಹೊಟ್ಟೆ ಕಾಣುತ್ತೆ, ಅವರಿಗೆ ಇಷ್ಟ ಇರ್ಲಿಲ್ಲ."

"ಡೊಲೊರೆಸ್, ಕೆಲಸ ಬಿಡು ಒಂದು ನಿಮಿಷ. ಕೂತ್ಕೋ."

ಅವನು ಎಲ್ಲ ಹೇಳಿದ. ಬೋಲ್ಟು, ಗೀಟು, ಎದ್ದು ನಿಂತದ್ದು, ಆಡಿದ ಮಾತು. ಗುಂಡಿಯ ಮಾತನ್ನೂ ಬಿಡಲಿಲ್ಲ. ಆಕೆ ಕೇಳುತ್ತ ಕೇಳುತ್ತ ಬೆರಳಿಗೆ ಹತ್ತಿದ ಅಂಟನ್ನು ಉಜ್ಜುತ್ತಲೇ ಇದ್ದಳು.

"ಅಂದ್ರೆ, ವೇಗ ಅಲ್ಲ?"

"ಅಲ್ಲ. ನಡೆದ ಹಾಗೆ ಬಂದಿದ್ರೂ ಚಕ್ರ ಕಚ್ಚಿಕೊಳ್ತಿತ್ತು. ನೀನು ಫೋನ್ ಮಾಡದೇ ಇದ್ದಿದ್ರೂ ಕಚ್ಚಿಕೊಳ್ತಿತ್ತು."

"ನಾನು ಬೇಗ ಬಾ ಅಂದದ್ದಕ್ಕಲ್ಲ?"

"ಅಲ್ಲ ತಾಯಿ."

ಆಕೆ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಎರಡು ದಿನದಿಂದ ಅತ್ತಿದ್ದಳು, ಆದರೆ ಈ ಅಳುವೇ ಬೇರೆ. ರೋಮನ್ ಭುಜ ಮುಟ್ಟಲು ಹೋದಾಗ ಹಿಂದಕ್ಕೆ ಸರಿದಳು.

"ನಿನಗೆ ಯಾವಾಗ ಗೊತ್ತಾಯ್ತು?"

"ನಿನ್ನೆ ಬೆಳಿಗ್ಗೆ."

"ನಿನ್ನೆ ಇಡೀ ದಿನ ಆ ಕುರ್ಚಿ ಮೇಲೆ ಕೂತಿದ್ದೆ ನೀನು. ಬಂದೋರಿಗೆಲ್ಲ ನಾನೇ ಕೊಂದೆ ಅಂತ ಹೇಳ್ಕೊಂಡು ಅಳ್ತಿದ್ದೆ ನಾನು. ನೋಡ್ತಾ ಇದ್ದೆಯಲ್ಲ. ಮರೆವು ಯಾರಿಗಾದ್ರೂ ಬರುತ್ತೆ ಅಣ್ಣಾ, ಬೋಲ್ಟು ಮರೆತದ್ದನ್ನ ನಾನು ಯಾವತ್ತೋ ಒಂದು ದಿನ ನುಂಗ್ಕೋತೀನಿ. ನೋಡ್ತಾ ಕೂತದ್ದನ್ನ ಹೇಗೆ ನುಂಗಲಿ ಹೇಳು."

ರೋಮನ್ ಬಾಗಿಲ ಕಡೆ ಎರಡು ಹೆಜ್ಜೆ ಹಾಕಿದ.

"ಜಪಸರ ಬೇರೆಯವರ ಕೈಲಿ ಹೇಳಿಸು," ಎಂದ.

"ಬೇಡ. ಯಾಕೆ ರೋಮನ್ ಹೇಳ್ಲಿಲ್ಲ ಅಂತ ಊರೆಲ್ಲ ಕೇಳುತ್ತೆ. ಉತ್ತರ ಕೊಡೋ ಶಕ್ತಿ ಈಗ ನನಗಿಲ್ಲ. ನೀನೇ ಹೇಳು. ಆದ್ರೆ ಆಮೇಲೆ ಬಂದು ನನ್ನ ಪಕ್ಕ ಕೂತ್ಕೋಬೇಡ." ಆಕೆ ಮತ್ತೆ ಅಂಟಿನ ಶೀಶೆ ಎತ್ತಿಕೊಂಡಳು. "ಹೋಗು. ಬಾಗಿಲು ಎಳ್ಕೊಂಡು ಹೋಗು."

ಐದು ಗಂಟೆಗೆ ಕೋಣೆ ತುಂಬಿತ್ತು. ಮೊದಲ ಸಾಲಿನಲ್ಲಿ ಡೊಲೊರೆಸ್ ನೆಲ ನೋಡುತ್ತ ಕೂತಿದ್ದಳು. ಹಿಂದೆ ಲೆನ್, ಯಾರದೋ ಬಿಗಿಯಾದ ಕೋಟು ಹಾಕಿಕೊಂಡು ಬಂದು, ಏನೂ ಗೊತ್ತಿಲ್ಲದೆ, ಗೆಳೆಯನಿಗೆ ಕಣ್ಣಲ್ಲೇ ಧೈರ್ಯ ಹೇಳುತ್ತಿದ್ದ. ರೋಮನ್ ಪೆಟ್ಟಿಗೆಯ ಮುಂದೆ ಮೊಣಕಾಲೂರಿದ. ಎರ್ವಿನ್ನನ ಕೈಗಳಿಗೆ ಜಪಸರ ಸುತ್ತಿದ್ದರು. ರೋಮನ್ ಒಂದೊಂದೇ ಮಣಿ ಸರಿಸುತ್ತ ಜಪಸರದ ಐದೂ ರಹಸ್ಯಗಳನ್ನು, ಕರ್ತನ ಬದುಕಿನ ಐದು ಘಟನೆಗಳನ್ನು ನೆನೆಯುವ ಪ್ರಾರ್ಥನೆಗಳನ್ನು, ಹೇಳಿಸಿದ. ಒಂದು ನಮೋ ಮರಿಯಾ ಕೂಡ ತಪ್ಪಲಿಲ್ಲ, ಎಲ್ಲಿಯೂ ಅವಸರ ಮಾಡಲಿಲ್ಲ. ತಂಗಿಯ ದನಿ ಜನರ ದನಿಯೊಳಗೆ ಕೇಳುತ್ತಿದೆಯೇ ಎಂದು ಕಿವಿಗೊಟ್ಟ, ಕೇಳಲಿಲ್ಲ. ಕೊನೆಯಲ್ಲಿ ತನ್ನ ಮಾತಿನಲ್ಲಿ ಬೇಡಿಕೊಂಡ.

"ಕರ್ತನೇ, ನಿನ್ನ ಸೇವಕ ಎರ್ವಿನ್ ಯಾರನ್ನೂ ಅನುಮಾನಿಸದೆ ನಂಬಿ ಬದುಕಿದ. ಅವನ ತಪ್ಪುಗಳಿದ್ದರೆ ಮನ್ನಿಸು. ಬೇರೆಯವರ ತಪ್ಪಿನಿಂದ ಅವನಿಗಾದ ನೋವನ್ನು ನಿನ್ನ ಕೈಯಿಂದಲೇ ತೊಡೆದುಹಾಕು. ಅವನ ಹೆಂಡತಿಯ ಎದೆಯ ಭಾರ ಇಳಿಸು. ದಾರಿ ಮುಗಿದವನಿಗೆ ನಿನ್ನ ಮನೆಯಲ್ಲಿ ಜಾಗ ಕೊಡು, ಕತ್ತಲಾಗದ ನಿನ್ನ ಬೆಳಕಿನಲ್ಲಿ ಅವನನ್ನು ಕೂರಿಸು. ಅವನ ಆತ್ಮ ಶಾಂತಿಯಿಂದ ಇರಲಿ. ಆಮೆನ್."