ಗಿರಣಿ ನಿಂತ ಹೊತ್ತು

ಸೂಲಗಿತ್ತಿ ಮಕ್ತುಮಬಿಯ ಕೈಯಲ್ಲಿ ಹುಟ್ಟದವರು ಬಬಲೇಶ್ವರದಲ್ಲಿ ಯಾರಿದ್ದಾರೆ ಎಂದು ಕೇಳಿದರೆ ತಲೆ ಕೆರೆದುಕೊಳ್ಳಬೇಕು. ಪೋಸ್ಟ್ ಮಾಸ್ತರರೊಬ್ಬರಿದ್ದಾರೆ, ಅವರು ಹೊರಗಿನವರು. ಅಂಥವಳು ಈಗ ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಹಗ್ಗದ ಹೊರಸು ಹಿಡಿದಿದ್ದಳು. ಚಕ್ಕಡಿಯಲ್ಲಿ ಹಾಕಿ ವಿಜಾಪುರಕ್ಕೆ ಒಯ್ಯೋಣವೆಂದು ಮಗ ರಸೂಲಸಾಬ ಎತ್ತಲು ಹೋದಾಗ ಅವಳು ಕೂಗಿದ ಕೂಗಿಗೆ ಅಂಗಳದ ಕೋಳಿಗಳು ಬೇಲಿ ಹಾರಿದ್ದವು.

ಅದಕ್ಕೇ ಅವನು ವಿಜಾಪುರದ ಸ್ಟೇಷನ್ ರಸ್ತೆಯ ಸಿದ್ದರಾಯ ಡಾಕ್ಟರನ್ನು ಊರಿಗೇ ಕರೆತಂದ. ಅವರ ಎಕ್ಸರೇ ದವಾಖಾನೆಯ ಬೋರ್ಡಿನ ಮೇಲೆ ಎದೆ, ಎಲುಬು, ಬಿಳಿ ಔಷಧ ಕುಡಿಸಿ ಹೊಟ್ಟೆ ಎಂದೆಲ್ಲ ಬರೆದು, ಕೆಳಗೆ ‘ಏಳಲಾಗದವರ ಮನೆಗೇ ಬಂದು ಎಕ್ಸರೇ ತೆಗೆಯಲಾಗುವುದು’ ಎಂದಿತ್ತು. ಜೀಪಿನಿಂದ ಯಂತ್ರ ಇಳಿಸುವುದನ್ನು ನೋಡಲು ಸಂತೆಯ ಅರ್ಧ ಜನ ಓಣಿಗೆ ಬಂದರು.

ಮಕ್ತುಮಬಿಗೆ ಎಲುಬಿನ ಚಿಂತೆ ಅಷ್ಟಿರಲಿಲ್ಲ. ಅವಳ ಜೀವವೆಲ್ಲ ತಾಯವ್ವನ ಮೇಲಿತ್ತು. ತಾಯವ್ವ ಹಿಟ್ಟಿನ ಗಿರಣಿಯ ರೇವಪ್ಪನ ಎರಡನೆಯ ಹೆಂಡತಿ, ದಿನ ತುಂಬಿದ ಬಸುರಿ. ಮೊದಲನೆಯವಳು ಬೋರವ್ವ ಹೆರಿಗೆಯಲ್ಲಿ ರಕ್ತ ನಿಲ್ಲದೆ ಮಕ್ತುಮಬಿಯ ಕೈಯಲ್ಲೇ ತೀರಿಕೊಂಡಿದ್ದಳು. ಕೂಸೂ ಉಳಿಯಲಿಲ್ಲ. ಅಂದಿನಿಂದ ರೇವಪ್ಪ ಅವಳೊಡನೆ ಮಾತು ಬಿಟ್ಟ. ಅವನೂ ಅವಳ ಕೈಯಲ್ಲೇ ಹುಟ್ಟಿದವನು, ‘ಆಯಿ’ ಎಂದು ಬಾಯಿ ತುಂಬ ಕರೆಯುತ್ತಿದ್ದವನು. ಈಗ ಅವಳು ಎದುರಾದರೆ ಓಣಿ ಬದಲಿಸುತ್ತಿದ್ದ. ಬೋರವ್ವನಿಗಾಗಿ ಮಕ್ತುಮಬಿಯೂ ಅತ್ತಿದ್ದಳು, ಆದರೆ ಅಳುವ ಹಕ್ಕು ತನಗಿಲ್ಲವೆಂದು ಯಾರಿಗೂ ತೋರಗೊಟ್ಟಿರಲಿಲ್ಲ.

ತಾಯವ್ವನ ಹೆರಿಗೆಗೆ ತಿಕೋಟಾದ ಸೂಲಗಿತ್ತಿ ಬರುತ್ತಾಳಂತೆ ಎಂದು ಊರೇ ಮಾತಾಡುತ್ತಿತ್ತು. ಮನಸ್ಸು ಕೇಳಬೇಕಲ್ಲ. ಬಾಣಂತಿಗೆ ಕೊಡುವ ಅಳವಿ ಬೀಜವನ್ನು ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು, ರೇವಪ್ಪ ಗಿರಣಿಯಲ್ಲಿರುವ ಹೊತ್ತು ನೋಡಿ ಮಕ್ತುಮಬಿ ಅವನ ಹಿತ್ತಲಿಗೆ ಹೋಗಿದ್ದಳು. ಬಾಗಿಲಲ್ಲಿ ರೇವಪ್ಪನೇ ನಿಂತಿದ್ದ. ಕಳ್ಳಿಯ ಹಾಗೆ ಗಡಬಡಿಸಿ ತಿರುಗಿದಳು, ಮೆಟ್ಟಿಲ ಮೇಲೆ ಕಾಲು ಜಾರಿತು. ಗೋಡೆ ಹಿಡಿದುಕೊಂಡು ಹೇಗೋ ಮನೆ ಸೇರಿದಳು. ಹೇಗೆ ಬಿದ್ದೆ ಎಂದು ಕೇಳಿದವರಿಗೆಲ್ಲ ಕಣ್ಣು ಮಂಜಾಗಿತ್ತು ಎಂದುಬಿಟ್ಟಳು.

ಸಿದ್ದರಾಯ ಡಾಕ್ಟರು ಹೊರಸಿನ ಹತ್ತಿರ ಬಂದಾಗ ಅವಳು ಕೌದಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಊರ ಹೆಂಗಸರ ನಾಚಿಕೆಯನ್ನೆಲ್ಲ ಬಿಡಿಸಿದವಳಿಗೆ ತನ್ನ ನಾಚಿಕೆ ಬಿಡಲಾಗಲಿಲ್ಲ.

“ಕೌದಿ ಇರ್ಲಿ ಬಿಡ್ರಿ,” ಎಂದರು ಡಾಕ್ಟರು. “ಈ ಮಷಿನ್ ಅರಿವಿ ದಾಟಿ ನೋಡತೈತಿ.”

ಸೊಸೆ ಜುಲೇಖಾ ಮುಖ ತಿರುಗಿಸಿ ನಕ್ಕಳು. ಸೊಂಟದ ಕೆಳಗೆ ಫಿಲ್ಮಿನ ಹಲಗೆ ಸೇರಿಸಿದ್ದಾಯಿತು. ಡಾಕ್ಟರು ಸ್ವಿಚ್ ಹಾಕಿದರು, ಯಂತ್ರದ ಮುಳ್ಳು ಮೇಲೇಳಲಿಲ್ಲ. ಹೊರಸಿನ ಮೇಲಿನ ಬಲ್ಬು ಮಿಣಮಿಣ ಎನ್ನುತ್ತಿತ್ತು.

“ಕರೆಂಟ್ ಸಾಲವಲ್ದು. ಸನೇದಾಗ ದೊಡ್ಡ ಮೋಟಾರ್ ಏನರ ನಡದೈತೇನ್ರಿ?”

ಉತ್ತರ ಕಿವಿಗೇ ಕೇಳಿಸುತ್ತಿತ್ತು. ಹಿಂದಿನ ಓಣಿಯಲ್ಲಿ ರೇವಪ್ಪನ ಗಿರಣಿ ಗುಡುಗುಡು ಎನ್ನುತ್ತಿತ್ತು.

“ಅದನ ಒಂದೀಟ ಬಂದ್ ಮಾಡಸ್ರಿ. ಇಲ್ಲಾಂದ್ರ ಎಕ್ಸರೇ ಬರಂಗಿಲ್ಲ.”

“ಬ್ಯಾಡೋ ರಸೂಲಾ,” ಎಂದಳು ಮಕ್ತುಮಬಿ. “ಸಂತಿ ದಿನ ಐತಿ, ಜ್ವಾಳದ ಪಾಳಿ ಹಚ್ಚಿ ಮಂದಿ ನಿಂತಿರ್ತಾರ. ಅವಗ ಕೇಳಬ್ಯಾಡ. ನನ್ನ ಎಲುಬ ಮುರದಿದ್ರ ಮುರದಿರ್ಲಿ.”

ಅವಳ ನಿಜವಾದ ಹೆದರಿಕೆ ಬೇರೆ. ಕೇಳಿದ ಮೇಲೂ ಗಿರಣಿ ನಿಲ್ಲದಿದ್ದರೆ, ರೇವಪ್ಪನ ಮನಸ್ಸಿನಲ್ಲಿ ತಾನು ಸತ್ತೇಹೋಗಿದ್ದೇನೆಂದು ಖಾತ್ರಿಯಾಗುತ್ತದೆ. ಕೇಳದಿದ್ದರೆ ಅಷ್ಟಾದರೂ ಆಸೆ ಉಳಿದೀತು. ಆದರೆ ರಸೂಲಸಾಬ ಆಗಲೇ ಹೊರಟುಹೋಗಿದ್ದ.

ಅವಳು ಸೂರು ನೋಡುತ್ತ ಮಲಗಿದಳು. ಗಿರಣಿ ನಡೆದೇ ಇತ್ತು. ಡಾಕ್ಟರು ಗಡಿಯಾರ ನೋಡಿಕೊಂಡರು. ಜುಲೇಖಾ ಅತ್ತೆಯ ಕೈ ಹಿಡಿದಳು. ಮಕ್ತುಮಬಿ ಕಣ್ಣು ಮುಚ್ಚಿದಳು, ಇನ್ನು ಕಾಯುವುದು ಬೇಡವೆನ್ನಿಸಿತು.

ಆಗ ಗಿರಣಿ ನಿಂತಿತು.

ಮುಚ್ಚಿದ ರೆಪ್ಪೆಯ ಮೇಲೆ ಬಲ್ಬಿನ ಬೆಳಕು ಜೋರಾಗಿ ಬಿತ್ತು. ಡಾಕ್ಟರು “ಅಲಗಾಡಬ್ಯಾಡ್ರಿ” ಎಂದರು. ಅವಳಿಗೆ ಉಕ್ಕಿ ಬಂದ ಅಳುವನ್ನು ಯಂತ್ರ ಟಕ್ ಎನ್ನುವವರೆಗೆ ತಡೆಹಿಡಿಯುವುದೇ ದೊಡ್ಡ ಕೆಲಸವಾಯಿತು.

ಕಣ್ಣು ತೆರೆದರೆ ಹೊಸ್ತಿಲಲ್ಲಿ ರೇವಪ್ಪ ನಿಂತಿದ್ದ. ಹುಬ್ಬು ಮೀಸೆಯೆಲ್ಲ ಹಿಟ್ಟು. ಅವಳ ಕಡೆ ನೋಡದೆ ಡಾಕ್ಟರನ್ನು ಕೇಳಿದ, “ಫೋಟೋ ಯಾವಾಗ ಸಿಗತೈತ್ರಿ?”

“ವಿಜಾಪುರಕ್ಕ ಒಯ್ದು ತೊಳೀಬೇಕು. ಸಂಜಿಗೆ ಸಿಗತೈತಿ.”

“ರಸೂಲಾ, ನೀ ನಿಮ್ಮವ್ವನ ಹತ್ರ ಇರು. ನಾ ಹೋಗಿ ತರ್ತೀನಿ,” ಎಂದವನೇ ಜೀಪು ಹತ್ತಿದ. ಸಂತೆಯ ದಿನ ಗಿರಣಿಗೆ ಬೀಗ ಬಿತ್ತು. ಜೋಳದ ಬುಟ್ಟಿ ಹೊತ್ತು ಬಂದವರು ಅವನಿಗೆ ಬೈದದ್ದೇ ಬೈದದ್ದು.

ದೀಪ ಹಚ್ಚುವ ಹೊತ್ತಿಗೆ ಅವನು ಬಸ್ಸಿಳಿದು ಬಂದ. ಲಕೋಟೆಯಿಂದ ಫಿಲ್ಮು ತೆಗೆದು ಬಲ್ಬಿಗೆ ಹಿಡಿದು, ಡಾಕ್ಟರು ತೋರಿಸಿಕೊಟ್ಟ ಜಾಗಕ್ಕೆ ಬೆರಳಿಟ್ಟ.

“ಇಲ್ಲಿ ಸೀಳು ಬಿಟ್ಟೈತಂತ. ಎಲುಬ ಜಾಗಾ ಬಿಟ್ಟು ಸರದಿಲ್ಲ, ತಾನ ಕೂಡತೈತಿ ಅಂದಾರ. ಆದ್ರ ಎರಡ ತಿಂಗಳ ತನಕ ಕಾಲು ನೆಲಕ್ಕ ಇಡಬಾರದಂತ.”

ಎರಡು ತಿಂಗಳು. ತಾಯವ್ವನಿಗೆ ಎರಡು ವಾರವೂ ಉಳಿದಿರಲಿಲ್ಲ. ಮಕ್ತುಮಬಿ ಗೋಡೆಯ ಕಡೆ ಮುಖ ಮಾಡಿದಳು.

“ತಿಕೋಟಾದಾಕಿ ಕೈಗುಣಾ ಛಲೋ ಐತಂತ,” ಎಂದಳು ಸಣ್ಣ ದನಿಯಲ್ಲಿ. “ಲಗೂನ ಕರಸಪಾ.”

ರೇವಪ್ಪ ಫಿಲ್ಮನ್ನು ಲಕೋಟೆಗೆ ಸೇರಿಸಿದ. ಆಮೇಲೆ ಅಂಗಿಯ ಕಿಸೆಯಿಂದ ಅಳವಿಯ ಗಂಟು ತೆಗೆದು ಅವಳ ದಿಂಬಿನ ಪಕ್ಕಕ್ಕಿಟ್ಟ.

“ಇದನ ನಮ್ಮ ಹಿತ್ತಲದಾಗ ಬಿಟ್ಟು ಬಂದಿದ್ದಿ, ಆಯಿ. ಡಾಕ್ಟರ್ ನಿನಗ ಏಳಬ್ಯಾಡ ಅಂದಾರ. ತಾಯವ್ವಗ ನಡೀಬ್ಯಾಡ ಅಂದಿಲ್ಲ. ನಾಳೆ ಆಕಿನ್ನ ಇಲ್ಲಿಗೇ ಕರತಂದು ಬಿಡ್ತೀನಿ. ಊರ ಮಂದಿ ಏನರ ಅನ್ಕೊಳ್ಳಲಿ. ನೀ ಮಕ್ಕೊಂಡ ಹೇಳು, ಜುಲೇಖಾ ಮಾಡ್ಲಿ.”

ಆಯಿ ಎಂಬ ಆ ಒಂದು ಶಬ್ದಕ್ಕೆ ಮುದುಕಿ ಗೋಡೆಯಿಂದ ಮುಖ ಈಚೆ ತಿರುಗಿಸಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ದನಿ ಬಿಗಿಮಾಡಿ ಕೇಳಿದಳು: “ಕೂಸಿನ ತಲಿ ಕೆಳಗ ಇಳದೈತೇನ?”

“ಅದು ನನಗೇನ ತಿಳೀತೈತಿ. ನೀನ ನೋಡು.”

“ಜುಲೇಖಾ,” ಎಂದು ಮಕ್ತುಮಬಿ ಕರೆದಳು. “ನನ್ನ ಹೊರಸು ಗ್ವಾಡಿಗೆ ಸರಸವಾ. ಇಲ್ಲಿ ಇನ್ನೊಂದು ಹೊರಸು ಹಿಡೀಬೇಕು.”

ರೇವಪ್ಪ ಒಂದು ಕಡೆ, ಜುಲೇಖಾ ಒಂದು ಕಡೆ ಹಿಡಿದು ಸರಿಸಿದರು. ಸೊಂಟದಲ್ಲಿ ಜೀವ ಹೋಗುವಂಥ ನೋವು ಎದ್ದಿತು. ಮಕ್ತುಮಬಿ ಈ ಸಲ ಕೂಗಲಿಲ್ಲ.