ಸಿದ್ದವ್ವನ ಹಲ್ಲಿನ ತಂತಿ

ಸುಶೀಲವ್ವ ಅಕ್ಕನ ಬಾಯಿ ಮೇಲೆ ಮೂರನೆಯ ಸಲ ಸೆರಗು ಎಳೆದಳು. ಅಕ್ಕ ಸಿದ್ದವ್ವ ನಸುಕಿನಲ್ಲಿ ನಿದ್ದೆಯೊಳಗೇ ತೀರಿಕೊಂಡಿದ್ದಳು. ಈಗ ಹಸಿರು ಸೀರೆ, ಹಸಿರು ಬಳೆ, ಹಣೆ ತುಂಬ ವಿಭೂತಿಯಲ್ಲಿ ಗೋಡೆಗೊರಗಿ ಕೂತಿದ್ದಳು. ಮುತ್ತೈದೆ ಸಾವು ಎಂದು ಸೂಡಿ ಊರಿನ ಹೆಂಗಸರು ಅಳುವುದಕ್ಕಿಂತ ಉಡಿ ತುಂಬುವುದರಲ್ಲೇ ಹೆಚ್ಚು ತೊಡಗಿದ್ದರು.

"ಮೂಗುತಿ, ವಾಲಿ ತಗದ್ರಿ. ಬಾಯಾಗಿನ ತಂತಿ?" ಎಂದರು ವಿಧಿ ಮಾಡಿಸಲು ಬಂದಿದ್ದ ಗುರುಪಾದ ಐನಾರು. "ಲೋಹ ಮಣ್ಣಿಗೆ ಹೋಗಬಾರದರಿ. ಲಿಂಗ ಒಂದ ಸಾಕು."

ಎಲ್ಲರೂ ಸಿದ್ದವ್ವನ ಗಂಡ ಪ್ರಭುಲಿಂಗಪ್ಪನ ಮುಖ ನೋಡಿದರು. ಅವನು ಹಲ್ಲಿನ ಡಾಕ್ಟರಿಗೆ ಫೋನು ಹಚ್ಚಿದ.

"ಮೇಡಂ, ಬರೂ ಸೋಮವಾರ ನಮ್ಮ ಸಿದ್ದವ್ವನ ತಂತಿ ತಗಿಯೂದಿತ್ತಲ್ರಿ... ಇವತ್ತ ತಗೀಬೇಕಾಗೇತಿ. ನೀವ ಬರಬೇಕ್ರಿ."

\* \* \*

ಎರಡು ವರ್ಷದ ಹಿಂದೆ, ಗಜೇಂದ್ರಗಡದ ಹಲ್ಲಿನ ದವಾಖಾನೆಯಲ್ಲಿ ಡಾಕ್ಟರ್ ನಜ್ಮಾ "ಯಾರ ಹಲ್ಲು?" ಎಂದು ಕೇಳಿ, ಸಿದ್ದವ್ವನ ಬೆನ್ನ ಹಿಂದೆ ಮೊಮ್ಮಕ್ಕಳನ್ನು ಹುಡುಕಿದ್ದರು.

"ನನ್ನಾವರಿ. ಐವತ್ತಾರು ವಯಸ್ಸು."

"ಈಗ್ಯಾಕ ಅಮ್ಮಾ?"

"ಕನ್ಯಾ ನೋಡಾಕ ಇವರು ಬಂದಾಗ, ಉಬ್ಬ ಹಲ್ಲು ಕಾಣಬಾರದಂತ ಸೆರಗ ಮುಚ್ಚಿದ್ನಿ. ಇನ್ನೂ ತಗದಿಲ್ರಿ."

ನಜ್ಮಾ ವಸಡು ಒತ್ತಿ ನೋಡಿದರು. "ಗಟ್ಟಿ ಅದಾವ. ತಂತಿ ಹಾಕೂಣು."

ಅಂದಿನಿಂದ ಸಿದ್ದವ್ವ ಒಣಗಿ ಗಟ್ಟಿಯಾದ ಕಟಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿಂದಳು. ಕಡಲೆ ಕೀಳಲು ಹೋದರೂ ಸೊಂಟದಲ್ಲಿ ಬ್ರಶ್ ಇರುತ್ತಿತ್ತು. ಉಂಡ ಮೇಲೆ ಬದುವಿನ ಮೇಲೆ ಕೂತು ಒಂದೊಂದೇ ಹಲ್ಲು ತಿಕ್ಕುತ್ತಿದ್ದಳು. "ಮದುವಿ ಗೊತ್ತಾಗೇತೇನ ಬೇ?" ಎಂದು ಊರು ಕಾಡಿತು. "ಹೌದವಾ, ವರಾ ಅಲ್ಲಿ ಕುಂತಾರ ನೋಡ!" ಎಂದು ಗಂಡನನ್ನೇ ತೋರಿಸಿ ಸೆರಗಿನೊಳಗೆ ನಗುತ್ತಿದ್ದಳು.

ಮೂವತ್ತೆಂಟು ವರ್ಷ ಪ್ರಭುಲಿಂಗಪ್ಪ ಕಂಡಿದ್ದು ಆ ನಗುವಿಗೆ ಅಲುಗುವ ಸೆರಗನ್ನು ಮಾತ್ರ. "ಹಲ್ಲು ಹ್ಯಾಂಗರ ಇರಲಿ, ಒಮ್ಮೆ ನಗು" ಎಂದು ಬೇಡುತ್ತಿದ್ದ.

"ತಂತಿ ತಗಸಿದ ದಿನ ಸೆರಗ ಬಿಟ್ಟ ನಗತೀನಿ. ಕಾಯ್ರಿ."

ಬಡಪಾಯಿ ಕಾದಿದ್ದ.

\* \* \*

ನಜ್ಮಾ ಸ್ಕೂಟರಿನಲ್ಲಿ ಬಂದರು. ಭಜನೆ ನಿಂತಿತು. ಅವರು ಮಂಡಿಯೂರಿ, "ಸ್ವಲ್ಪ ತಡ್ಕೋರಿ ಅಮ್ಮಾ" ಎಂದು ಸಿದ್ದವ್ವನ ಗಲ್ಲ ಹಿಡಿದು, ತಂತಿ ಬಿಡಿಸಿ, ಹಲ್ಲಿಗಂಟಿದ್ದ ಬಿಲ್ಲೆಗಳನ್ನು ಒಂದೊಂದಾಗಿ ಕಿತ್ತರು. ಹತ್ತಿಯಿಂದ ಒರೆಸಿದರು. ದಿನವೂ ಹೇಳಿ ಹೇಳಿ ರೂಢಿಯಾದ ಮಾತು ತಾನಾಗಿ ಬಂತು:

"ಇನ್ನ ದಿನಾ ಹಲ್ಲಿಗೆ ಪ್ಲೇಟ್ ಹಾಕ್ಕೊಂಡ ಮಲಗಬೇಕು ಅಮ್ಮಾ. ಇಲ್ಲಂದ್ರ ಹಲ್ಲು ಮತ್ತ ಮೊದಲಿನ ಜಾಗಾಕ್ಕ ಹೋಗತಾವು."

ನಜ್ಮಾ ನಾಲಿಗೆ ಕಚ್ಚಿಕೊಂಡರು.

"ಇನ್ನೆಲ್ಲಿಗೆ ಹೋಗತಾವ್ರಿ ಮೇಡಂ!" ಎಂದ ಪ್ರಭುಲಿಂಗಪ್ಪ.

ಮೊದಲು ನಕ್ಕವರು ಐನಾರು. ಆಮೇಲೆ ಇಡೀ ಪಡಸಾಲೆ. ಸುಶೀಲವ್ವನಂತೂ ಅಳುತ್ತ ಅಳುತ್ತಲೇ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸತ್ತವರ ಮನೆಯಲ್ಲಿ ಹೀಗೆ ನಗಬಾರದೆಂದು ಯಾರಿಗೂ ಅನ್ನಿಸಲಿಲ್ಲ, ಸಿದ್ದವ್ವನಿಗಂತೂ ಅನ್ನಿಸುತ್ತಿರಲಿಲ್ಲ.

ನಗು ನಿಂತಾಗ ಸುಶೀಲವ್ವನ ಕೈ ಮತ್ತೆ ಅಕ್ಕನ ಸೆರಗಿಗೇ ಹೋಯಿತು.

"ಬಿಡವಾ ಸುಶೀಲಾ," ಎಂದು ಪ್ರಭುಲಿಂಗಪ್ಪ ಸೆರಗನ್ನು ಹೆಂಡತಿಯ ಹೆಗಲಿಗೆ ತಂದು ಪಿನ್ನು ಹಾಕಿದ. ತುಸು ತೆರೆದ ತುಟಿಗಳ ನಡುವೆ ಹಲ್ಲು ಸಾಲಾಗಿ ಕಂಡವು.

ಹೆಣ ಕೂರಿಸಿ ಹೊರುವ ವಿಮಾನ ಎದ್ದಿತು. ಹೂವಿನ ನಡುವೆ ಕೂತೇ ಸಿದ್ದವ್ವ ಬೀದಿಗಿಳಿದಳು. ಜನ ಮುಂದೆ ನೋಡಿಕೊಂಡು ನಡೆದರು. ಪ್ರಭುಲಿಂಗಪ್ಪ ಮಾತ್ರ ವಿಮಾನದ ಮುಂದೆ ಸುಶೀಲವ್ವನ ಭುಜ ಹಿಡಿದು, ಹೆಂಡತಿಯ ಬಾಯಿ ಕಡೆಗೆ ಮುಖ ಮಾಡಿ, ಮಣ್ಣು ಮಾಡುವ ಹೊಲ ಬರುವವರೆಗೂ ಹಿಮ್ಮುಖವಾಗಿಯೇ ಹೆಜ್ಜೆ ಹಾಕಿದ.