ಉಪ್ಪಿಲ್ಲದ ಸೂಪು

ಸೂಪಿಗೆ ಆ ದಿನ ಅಕ್ಕ ಉಪ್ಪು ಹಾಕಲಿಲ್ಲ. ಮರೆತದ್ದಲ್ಲ, ಬೇಕೆಂದೇ ಹಾಕಲಿಲ್ಲ. ಡಬ್ಬಿಯ ಮುಚ್ಚಳ ತೆಗೆದು, ಒಳಗೆ ನೋಡಿ, ಮತ್ತೆ ಮುಚ್ಚಿ, ಅದನ್ನು ಮೇಲಿನ ಹಲಗೆಯ ಮೂಲೆಗೆ ತಳ್ಳಿಬಿಟ್ಟಳು. ದೊಡ್ಡ ಪಾತ್ರೆಯಲ್ಲಿ ಬೇಳೆ, ಆಲೂಗಡ್ಡೆ, ಟೊಮೇಟೊ ಎಲ್ಲ ಕೂಡಿ ಕೊತಕೊತ ಕುದಿಯುತ್ತಿದ್ದವು. ಹರೆಯದಿಂದಲೂ ಈ ಬಸ್ ಡಿಪೋದ ಕ್ಯಾಂಟೀನಿನಲ್ಲೇ ಸೌಟು ಹಿಡಿದವಳು ಇಂಥ ಕೆಲಸ ಮಾಡಿದ್ದು ಇದೇ ಮೊದಲು. ಕದ್ದವಳ ಹಾಗೆ ಒಮ್ಮೆ ಬಾಗಿಲ ಕಡೆ ನೋಡಿದಳು.

ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು, ಮ್ಯಾನೇಜರು, ಡಿಪೋದಲ್ಲಿ ಎಲ್ಲರಿಗೂ ಅವಳು ಅಕ್ಕನೇ. ಅವಳ ಅಡುಗೆಗೆ ಅಳತೆಯ ಚಮಚ ಗೊತ್ತಿರಲಿಲ್ಲ. ನಾಲಿಗೆಯೇ ತಕ್ಕಡಿ. ಆ ತಕ್ಕಡಿಯ ಮೇಲೆ ಅವಳಿಗೆ ಎಷ್ಟು ಗರ್ವವೆಂದರೆ ಊಟದ ಮೇಜುಗಳ ಮೇಲೆ ಉಪ್ಪಿನ ಕುಡಿಕೆ ಇಡಲು ಬಿಡುತ್ತಿರಲಿಲ್ಲ. "ಉಪ್ಪು ಬೇಕಾದೋರು ಕಿಟಕಿ ಹತ್ರ ಬಂದು ನನ್ನ ಮುಖ ನೋಡಿ ಕೇಳಲಿ" ಎನ್ನುತ್ತಿದ್ದಳು. ಕೇಳುವ ಗಂಡೆದೆ ಇದ್ದದ್ದು ಒಬ್ಬನಿಗೇ, ವರ್ಕ್‌ಶಾಪಿನ ಹಳೇ ಮೆಕ್ಯಾನಿಕ್ಕಿಗೆ. ಅವನಿಗೆ ಗೊಣಗಪ್ಪ ಎಂದು ಹೆಸರಿಟ್ಟವಳೂ ಅವಳೇ. "ಇದೇನಕ್ಕ, ಉಪ್ಪು ತುಟ್ಟಿ ಆಯ್ತಾ?" ಎಂದು ಅವನು ತಟ್ಟೆ ತಂದು ಕುಕ್ಕುವುದು, "ಎಂಜಿನ್ ಆಯಿಲ್ ನೆಕ್ಕೋನಿಗೆ ರುಚಿ ಬೇರೆ ಕೇಡು" ಎಂದು ಅವಳು ಸೌಟು ಎತ್ತುವುದು. ದಿನವೂ ಇದು ನಡೆಯದಿದ್ದರೆ ಇಬ್ಬರಿಗೂ ಉಂಡದ್ದು ಅರಗುತ್ತಿರಲಿಲ್ಲ.

ಆಮೇಲೆ ಎದೆಯಲ್ಲಿ ಗಂಟು ಸಿಕ್ಕಿತು. ಆಪರೇಷನ್ ಆಯಿತು, ತಿಂಗಳುಗಟ್ಟಲೆ ನರಕ್ಕೆ ಔಷಧಿ ಏರಿತು, ತಲೆ ಬೋಳಾಯಿತು. ಕೂದಲು ಹೇಗೋ ಮತ್ತೆ ಮೊಳೆಯಿತು, ನಾಲಿಗೆ ಮಾತ್ರ ತಿರುಗಿ ಬರಲಿಲ್ಲ. ಏನು ಬಾಯಿಗಿಟ್ಟರೂ ತುಕ್ಕು ಹಿಡಿದ ಮೊಳೆ ಚೀಪಿದ ಹಾಗೆ. "ಬರುತ್ತಮ್ಮ, ಕೆಲವರಿಗೆ ಬೇಗ, ಕೆಲವರಿಗೆ ತಡ" ಎಂದಿದ್ದರು ಡಾಕ್ಟರು. ರುಚಿ ಹೋದದ್ದನ್ನು ಅಕ್ಕ ಬೇರೆ ಯಾರಿಗೂ ಹೇಳಿರಲಿಲ್ಲ. ಕಣ್ಣು ಕಾಣದು ಎಂದು ಒಪ್ಪಿಕೊಂಡ ಡ್ರೈವರನ ಕೈಗೆ ಯಾರು ಬಸ್ಸು ಕೊಡುತ್ತಾರೆ? ಅಡುಗೆಮನೆ ಕೈತಪ್ಪಿದರೆ ಅವಳಿಗೆ ಉಳಿಯುವುದು ಬಾಡಿಗೆಯ ಒಂದು ಕೋಣೆ, ಮತ್ತು ಭಾನುವಾರ ಬರುವ ನಾದಿನಿಯ ಫೋನು. "ಧೈರ್ಯವಾಗಿರಿ ಅತ್ತಿಗೆ, ಏನೂ ಯೋಚನೆ ಮಾಡಬೇಡಿ" ಎಂದು ಆ ಪುಣ್ಯಾತ್ಗಿತ್ತಿ ಒಂದೇ ಉಸಿರಿಗೆ ಹೇಳಿ ಇಟ್ಟುಬಿಡುತ್ತಿದ್ದಳು. ಯೋಚನೆ ಏನೆಂದು ಕೇಳುವಷ್ಟು ಹೊತ್ತು ಅವಳು ಎಂದೂ ನಿಂತವಳಲ್ಲ.

ಹಾಗಾಗಿ ತಿಂಗಳ ಹಿಂದೆ ಕೆಲಸಕ್ಕೆ ಮರಳಿದ ಅಕ್ಕ ಅಂದಾಜಿನ ಮೇಲೆ ಬೇಯಿಸುತ್ತಿದ್ದಳು. ಎಲ್ಲರೂ ತಟ್ಟೆ ಖಾಲಿ ಮಾಡುತ್ತಿದ್ದರು, ಎಲ್ಲರೂ "ಚೆನ್ನಾಗಿದೆ ಅಕ್ಕ" ಎನ್ನುತ್ತಿದ್ದರು. ಮೊದಲ ಕೆಲವು ದಿನ ಅವಳು ಹಿಗ್ಗಿದಳು. ಬರಬರುತ್ತಾ ಆ ಹೊಗಳಿಕೆ ಗಂಟಲಲ್ಲಿ ಸಿಕ್ಕಿಕೊಳ್ಳತೊಡಗಿತು. ಒಬ್ಬನೂ ಮೂಗು ಮುರಿಯುತ್ತಿಲ್ಲ, ಒಬ್ಬನೂ ಛೇಡಿಸುತ್ತಿಲ್ಲ. ಸಾವಿನ ಮನೆಗೆ ಬಂದವರ ಹಾಗೆ ಮೆತ್ತಗೆ ಮಾತಾಡುತ್ತಾರೆ. ಗೊಣಗಪ್ಪನಂತೂ ನೀನು ತಾನು ಬಿಟ್ಟು "ನೀವು" ಎನ್ನಲು ಶುರುಮಾಡಿದ್ದ. ಅಷ್ಟೊಂದು ಜನರ ನಡುವೆ ಇಷ್ಟೊಂದು ಒಂಟಿಯಾಗಿ ಅವಳು ಆಸ್ಪತ್ರೆಯ ಹಾಸಿಗೆಯಲ್ಲೂ ಇರಲಿಲ್ಲ.

ಆ ದಿನ ಮಧ್ಯಾಹ್ನ ಊಟದ ಬೆಲ್ಲಾಯಿತು. ಅಕ್ಕ ಬಡಿಸಿ, ಒಬ್ಬನಾದರೂ ಉಪ್ಪು ಕೇಳುತ್ತಾನೋ ನೋಡೋಣವೆಂದು ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತಳು. ಮುಂದಿನ ಮೇಜಿನ ಕಂಡಕ್ಟರು ಒಂದು ಚಮಚ ಬಾಯಿಗಿಟ್ಟ. ಚಮಚ ಅಲ್ಲೇ ನಿಂತಿತು. ಎದುರಿಗಿದ್ದ ಡ್ರೈವರನ ಮುಖ ನೋಡಿದ. ಡ್ರೈವರು ತಲೆಯಾಡಿಸಿ ಅಂಗಿಯ ಜೇಬಿಗೆ ಕೈಹಾಕಿ ಸಣ್ಣ ಕಾಗದದ ಪೊಟ್ಟಣ ತೆಗೆದ. ಮೇಜಿನ ಕೆಳಗೇ ಬಿಚ್ಚಿ, ಒಂದು ಚಿಟಿಕೆ ತನ್ನ ತಟ್ಟೆಗೆ ಉದುರಿಸಿಕೊಂಡು, ಮೇಜಿನ ಕೆಳಗೇ ಪಕ್ಕದವನಿಗೆ ದಾಟಿಸಿದ. ಪೊಟ್ಟಣ ಕೈಯಿಂದ ಕೈಗೆ, ಮೇಜಿಂದ ಮೇಜಿಗೆ ಹೋಯಿತು. ಒಬ್ಬನ ಕಣ್ಣೂ ಅದರ ಕಡೆ ತಿರುಗಲಿಲ್ಲ. ಒಂದು ದಿನದಲ್ಲಿ ಪಳಗಿದ ಕೈಗಳಲ್ಲ ಅವು. ಮ್ಯಾನೇಜರಿಗೂ ತಲುಪಿತು. ಕೊನೆಗೆ ಗೊಣಗಪ್ಪನೂ ತಲೆ ತಗ್ಗಿಸಿ ಅದರಿಂದ ಉಪ್ಪು ತೆಗೆದುಕೊಂಡ.

ಉಂಡೆದ್ದವನು ತಟ್ಟೆಯನ್ನು ಸದ್ದಾಗದಂತೆ ಕಿಟಕಿಯಲ್ಲಿಟ್ಟ.

"ಚೆನ್ನಾಗಿತ್ತು ಅಕ್ಕ. ಬರ್ತೀನಿ."

ಉಳಿದವರ ಮಾತನ್ನು ಅವಳು ನುಂಗಿಕೊಂಡಿದ್ದಳು. ಇವನದ್ದನ್ನು ನುಂಗಲಾಗಲಿಲ್ಲ. ಪಾತ್ರೆಗಳನ್ನು ಹಾಗೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ವರ್ಕ್‌ಶಾಪಿಗೆ ನಡೆದಳು. ಗೊಣಗಪ್ಪ ಆಗಲೇ ರಿಪೇರಿ ಗುಂಡಿಗಿಳಿದಿದ್ದ. ಮೇಲೆ ನಿಂತಿದ್ದ ಬಸ್ಸಿನಡಿಯಿಂದ ಅವನ ಕೈ, ಸ್ಪ್ಯಾನರು ಮಾತ್ರ ಕಾಣುತ್ತಿದ್ದವು.

"ಇವತ್ತು ಸೂಪು ಹೇಗಿತ್ತು?" ಬಗ್ಗಿ ಕೇಳಿದಳು.

"ಆಗ್ಲೇ ಹೇಳಿದ್ನಲ್ಲ, ಚೆನ್ನಾಗಿತ್ತು."

"ಉಪ್ಪು?"

ಸ್ಪ್ಯಾನರು ನಿಂತಿತು. "ಹದವಾಗಿತ್ತು."

"ನಾನು ಹಾಕೇ ಇಲ್ಲ."

ಗುಂಡಿಯೊಳಗೆ ಸ್ಪ್ಯಾನರು ಕೆಳಗಿಟ್ಟ ಸದ್ದಾಯಿತು. "ಮ್ಯಾನೇಜರು ಎಲ್ಲರನ್ನೂ ಕರೆದು ಹೇಳಿದ್ರು ಅಕ್ಕ. ಈ ಕಾಯಿಲೆ ಆದೋರ ಹತ್ರ ಮನಸ್ಸಿಗೆ ನೋವಾಗೋ ಮಾತು ಆಡಬಾರ್ದಂತೆ. ಒಳ್ಳೇ ಮಾತೇ ಆಡಬೇಕಂತೆ."

"ನೀನೂ ಒಪ್ಪಿದೆಯಾ?"

"ಮೊದಲು ನನ್ನ ಹತ್ರಾನೇ ಭಾಷೆ ತಗೊಂಡ್ರು. ಎಲ್ಲರಿಗೂ ನನ್ನ ಬಾಯಿದೇ ಹೆದರಿಕೆ."

"ನನ್ನ ನಾಲಿಗೆ ಹೋಗಿದೆ ಕಣೋ" ಎಂದಳು ಅಕ್ಕ. ಡಿಪೋದಲ್ಲಿ ಅದನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಹೇಳಿದ ಮೇಲೆ ಪಕ್ಕದಲ್ಲಿದ್ದ ಹಳೇ ಟೈರಿನ ಮೇಲೆ ಕುಳಿತುಬಿಟ್ಟಳು. "ಹುಳಿ ಗೊತ್ತಾಗಲ್ಲ, ಖಾರ ಗೊತ್ತಾಗಲ್ಲ. ನೀವು ಮುಖ ಸಿಂಡರಿಸಿದ್ರೆ ಅದನ್ನ ನೋಡಿಯಾದ್ರೂ ಸರಿ ಮಾಡ್ಕೋತಿದ್ದೆ. ಎಲ್ಲರೂ ಸೇರಿ ನನ್ನ ಒಬ್ಬಳನ್ನೇ ಕತ್ತಲಲ್ಲಿ ನಿಲ್ಲಿಸಿದ್ರಲ್ಲೋ. ಬೇರೆಯವರು ಹೋಗ್ಲಿ, ನೀನು?"

ಗೊಣಗಪ್ಪ ಗುಂಡಿಯಿಂದ ಮೇಲೆ ಬಂದ. ಬಟ್ಟೆಯಲ್ಲಿ ಒಂದೊಂದೇ ಬೆರಳು ಒರೆಸುತ್ತಾ ಅವಳ ಮುಖ ನೋಡದೆ ನಿಂತ.

"ನಿಜ ಹೇಳ್ಲಾ?"

"ಹೇಳು."

"ಸೋಮವಾರದ್ದು ಸಮುದ್ರದ ನೀರು. ನಿನ್ನೆ ಹುರುಳಿಕಾಯಿಗಿಂತ ನನ್ನ ಗ್ರೀಸೇ ವಾಸಿ. ಇವತ್ತಿಂದು..." ಅವನು ಉಸಿರು ಎಳೆದುಕೊಂಡ. "ಇವತ್ತಿನ ಸೂಪು ಬೀದಿ ನಾಯಿಗೆ ಹಾಕಿದ್ರೆ ಅದು ಮನೆಗೆ ಬಂದು ಕಚ್ಚುತ್ತೆ. ಒಂದು ತಿಂಗಳಿಂದ ಏನು ಹಿಂಸೆ ಕೊಟ್ಟಿದೀಯ ಗೊತ್ತಾ ನೀನು?"

ಅಕ್ಕನಿಗೆ ನಗು ಬಂತು. ನಗುನಗುತ್ತಲೇ ಅಳು ಬಂತು, ಅದು ನಿಲ್ಲಲಿಲ್ಲ. ಗೊಣಗಪ್ಪ ಸಮಾಧಾನ ಹೇಳುವ ಗೋಜಿಗೆ ಹೋಗಲಿಲ್ಲ. ಇನ್ನೊಂದು ಟೈರು ಉರುಳಿಸಿಕೊಂಡು ಬಂದು, ಸ್ವಲ್ಪ ದೂರದಲ್ಲಿ ಕೂತ, ಅಷ್ಟೆ.

ಮರುದಿನ ಬೆಳಿಗ್ಗೆ ಪಾಳಿಗೆ ಮೊದಲೇ ಅವನು ಅಡುಗೆಮನೆಯ ಬಾಗಿಲಿಗೆ ಬಂದ. ಕೈ ತೊಳೆದಿದ್ದ, ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ. ಅಕ್ಕ ಬಟ್ಟಲಿಗೆ ಸೂಪು ಹಾಕಿ ಚಮಚ ಕೊಟ್ಟಳು. "ಕಮ್ಮಿ" ಎಂದ. ಉಪ್ಪು ಹಾಕಿದಳು. "ಇನ್ನೂ ಒಂಚೂರು." ಹಾಕಿದಳು. "ಸಾಕು, ಈಗ ಸರಿಹೋಯ್ತು." ಬಟ್ಟಲಿಟ್ಟು ಹೊರಟವನನ್ನು ಅವಳು ತೋಳು ಅಡ್ಡ ಹಿಡಿದು ನಿಲ್ಲಿಸಿದಳು.

"ಹೇಗಿದೆ?"

"ಸರಿಯಾಗಿದೆ ಅಂದ್ನಲ್ಲ."

"ಅದಲ್ಲ. ಬಾಯಿಗೆ ಹೇಗೆ ಬರುತ್ತೆ, ಅದು ಹೇಳು. ಚೆನ್ನಾಗಿದೆ ಅಂದೆಯೋ, ಸೌಟಲ್ಲೇ ಹಾಕ್ತೀನಿ."

ಗೊಣಗಪ್ಪ ಪೇಚಿಗೆ ಬಿದ್ದ. ಬೈಯುವುದಕ್ಕಾದರೆ ಅವನ ಬಳಿ ಮೂಟೆಗಟ್ಟಲೆ ಮಾತಿತ್ತು, ಇದಕ್ಕೆ ಎಲ್ಲಿಂದ ತರುವುದು? ಇನ್ನೊಂದು ಚಮಚ ಬಾಯಿಗಿಟ್ಟು ಸೂರು ನೋಡಿದ.

"ಮೊದಲು ಟೊಮೇಟೊ ಹುಳಿ ಬರುತ್ತೆ. ನಾಲಿಗೆ ಪಕ್ಕದಲ್ಲಿ, ಸಣ್ಣದಾಗಿ. ಆಮೇಲೆ ಬೇಳೆ. ಅದು ಮೆತ್ತಗೆ, ಬಾಯಿ ತುಂಬ." ಅವನು ತಡವರಿಸಿದ. "ಕಾಳುಮೆಣಸು ಹಾಕಿದೀಯಲ್ಲ, ಅದು ಆಗ್ಲೇ ಗೊತ್ತಾಗಲ್ಲ. ಎಲ್ಲ ಒಳಗೆ ಹೋದ್ಮೇಲೆ ಗಂಟಲ ಹತ್ರ ಬೆಚ್ಚಗೆ ನಿಂತ್ಕೊಳ್ಳುತ್ತೆ."

ಅವನ ಮಾತು ಕುದಿತದ ಸದ್ದಿನಲ್ಲಿ ಮುಳುಗಬಾರದೆಂದು ಅಕ್ಕ ಒಲೆಯ ಉರಿ ಸಣ್ಣ ಮಾಡಿದಳು.

"ಇನ್ನೊಂದ್ಸಲ ಹೇಳು, ನಿಧಾನಕ್ಕೆ."

ಅವನು ಮೊದಲಿಂದ ಶುರುಮಾಡಿದ. ಅವಳು ಕಣ್ಣು ಮುಚ್ಚಿ ನಿಂತು, ಬಾಯಲ್ಲಿ ಏನೂ ಇಲ್ಲದೆ, ಮೆಲ್ಲಗೆ ನುಂಗಿದಳು.